ಮಗು ಮೂರನೇ ಕ್ಲಾಸಿಗೆ: ಕಾಸರಗೋಡಿನ ಕನ್ನಡ ಮಾಧ್ಯಮದ ಅಪ್ಪ ಅಮ್ಮಂದಿರು ಬೇಸಿಗೆ ರಜೆಯಲ್ಲಿ ಮಾಡಬೇಕಾದ ತಯಾರಿ

ಏಪ್ರಿಲ್ ಬಂದರೆ ಸಾಕು, ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಅಪ್ಪ ಅಮ್ಮಂದಿರು ಒಂದೇ ಪ್ರಶ್ನೆ ಕೇಳುತ್ತಾರೆ. "ಟೀಚರ್, ಮಗ ಈ ಸಲ ಮೂರಕ್ಕೆ. ನಾವು ಮನೆಯಲ್ಲಿ ಎಂತ ಮಾಡಬೇಕು?" ಒಬ್ಬೊಬ್ಬರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಎಲ್ಲರಿಗೂ ಸೇರಿಸಿ ಬರೆದುಬಿಡುವುದು ಒಳ್ಳೆಯದು. ಇದು ಮುಖ್ಯವಾಗಿ ಕೇರಳದ ಪಠ್ಯಕ್ರಮದಲ್ಲಿ, ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳ ಮನೆಯವರಿಗೆ. ಸರ್ಕಾರಿ ಶಾಲೆಯಾದರೂ ಸರಿ, ಅನುದಾನಿತ ಶಾಲೆಯಾದರೂ ಸರಿ.

3ನೇ ಕ್ಲಾಸಿಗೆ ಯಾಕೆ ಇಷ್ಟು ತಯಾರಿ ಅಂತ ಕೆಲವರು ಕೇಳುತ್ತಾರೆ. 1 ಮತ್ತು 2ರಲ್ಲಿ ಪುಸ್ತಕದ ತುಂಬ ಚಿತ್ರ, ಅಕ್ಷರ ಕಡಿಮೆ. ಟೀಚರ್ ಓದಿ ಹೇಳಿದ್ದನ್ನು ಕೇಳಿಸಿಕೊಂಡರೂ ಹೇಗೋ ಪಾಠ ದಾಟುತ್ತದೆ. 3ರಲ್ಲಿ ಹಾಗಲ್ಲ. ಪಾಠ ಉದ್ದವಾಗುತ್ತದೆ. ಅಲ್ಲಿಯವರೆಗೆ ಭಾಷೆಯ ಪುಸ್ತಕದೊಳಗೇ ಸೇರಿಕೊಂಡಿದ್ದ ಪರಿಸರ ಅಧ್ಯಯನ ಬೇರೆ ಪುಸ್ತಕವಾಗಿ ಬರುತ್ತದೆ. ಲೆಕ್ಕದಲ್ಲಿ ಅಂಕಿಗಳ ಜೊತೆ ನಾಲ್ಕೈದು ಸಾಲಿನ ಪ್ರಶ್ನೆಗಳೂ ಇರುತ್ತವೆ. ಅದನ್ನೆಲ್ಲ ಮಗು ತಾನೇ ಓದಬೇಕು. ಓದು ತೊಡಕಾದರೆ ಎಲ್ಲ ವಿಷಯವೂ ತೊಡಕೇ. ಹಾಗಾಗಿ ಈ ಲೇಖನದಲ್ಲಿ ಓದಿನ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ. ಸಮಯ ಇಲ್ಲದವರು 1, 2 ಮತ್ತು 3ನೇ ಹಂತ ಮಾತ್ರ ಮಾಡಿದರೂ ದೊಡ್ಡ ಕೆಲಸ ಆದ ಹಾಗೆ.

ಶುರು ಮಾಡುವ ಮೊದಲು ಬೇಕಾದವು

ಜಾಸ್ತಿ ಏನೂ ಬೇಡ. ಗೆರೆ ಇರುವ ಒಂದು ನೋಟ್‌ಪುಸ್ತಕ, ಗೆರೆ ಇಲ್ಲದ ಇನ್ನೊಂದು, ಒಂದು ಅಳತೆಪಟ್ಟಿ, ಮುಳ್ಳು ತಿರುಗುವ ಒಂದು ಗಡಿಯಾರ, ಸ್ವಲ್ಪ ಚಿಲ್ಲರೆ ಹಣ. ಓದಲಿಕ್ಕೆ ನಾಲ್ಕೈದು ಕನ್ನಡ ಕಥೆಪುಸ್ತಕ. ಕೊಳ್ಳಲು ಆಗದಿದ್ದರೆ ಊರಿನ ಗ್ರಂಥಾಲಯದಿಂದ ತನ್ನಿ, ಅಥವಾ ರಜೆಗೆ ಮೊದಲೇ ಶಾಲೆಯ ಪುಸ್ತಕದ ಕಪಾಟಿನಿಂದ ಕೇಳಿ ತೆಗೆದುಕೊಳ್ಳಿ. ಕೇಳಿದರೆ ಟೀಚರಿಗೆ ಸಂತೋಷವೇ ಆಗುತ್ತದೆ.

ಪಠ್ಯಪುಸ್ತಕದ ಬಗ್ಗೆ ಇಲ್ಲೇ ಎರಡು ಎಚ್ಚರಿಕೆ. ಕೇರಳದಲ್ಲಿ 3ನೇ ಕ್ಲಾಸಿನ ಪುಸ್ತಕಗಳು 2024ರ ಜೂನ್‌ನಲ್ಲಿ ಬದಲಾದವು. ಅದಕ್ಕಿಂತ ಮೊದಲು ಓದಿದ ಅಣ್ಣ ಅಕ್ಕಂದಿರ ಹಳೆ ಪುಸ್ತಕ ಕೊಟ್ಟು ಓದಿಸಬೇಡಿ. ಎರಡನೆಯದು ಇನ್ನೂ ಮುಖ್ಯ. ಮಂಗಳೂರಿಗೆ ಹೋದಾಗ ಅಂಗಡಿಯಲ್ಲಿ ಕಾಣುವ "3ನೇ ತರಗತಿ ಗೈಡ್", ಯೂಟ್ಯೂಬಿನಲ್ಲಿ "ಮೂರನೇ ತರಗತಿ ಕನ್ನಡ" ಅಂತ ಹುಡುಕಿದರೆ ಬರುವ ವಿಡಿಯೋ, ಇವು ಹೆಚ್ಚಿನವು ಕರ್ನಾಟಕದ ಪಠ್ಯಕ್ರಮದವು. ಅಲ್ಲಿ 1ರಿಂದ 3ರವರೆಗೆ ನಲಿಕಲಿ, ಅಂದರೆ ಆಟ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ ಇದೆ. ನಮ್ಮ ಪಾಠವೇ ಬೇರೆ. ಭಾಷೆ ಒಂದೇ ಅಂತ ದುಡ್ಡು ಕೊಟ್ಟು ತಂದರೆ ಮಗುವಿಗೆ ಗೊಂದಲ, ನಿಮಗೆ ನಷ್ಟ. ಕೇರಳದ ಕನ್ನಡ ಮಾಧ್ಯಮದ ಪುಸ್ತಕಗಳು "ಸಮಗ್ರ" ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಶಾಲೆಗಳ ತಂತ್ರಜ್ಞಾನದ ಕೆಲಸ ನೋಡಿಕೊಳ್ಳುವ ಕೈಟ್ ಎಂಬ ಸರ್ಕಾರಿ ಸಂಸ್ಥೆ ಅದನ್ನು ನಡೆಸುತ್ತದೆ. ಮಾಧ್ಯಮ ಕನ್ನಡ, ಕ್ಲಾಸು 3 ಅಂತ ಆರಿಸಿ ಇಳಿಸಿಕೊಳ್ಳಿ. ಅದು ನೀವು ಓದಿ ನೋಡಲಿಕ್ಕೆ. ಮಗುವಿಗೆ ಈಗಲೇ ಪಾಠ ಮಾಡಿ ಮುಗಿಸಲಿಕ್ಕಲ್ಲ.

ಹಂತ 1: ಮಗು ಈಗ ಎಲ್ಲಿದೆ ಅಂತ ನೋಡಿ

ಇದಕ್ಕೆ ಒಂದು ಬೆಳಿಗ್ಗೆ ಸಾಕು. ಪರೀಕ್ಷೆ ಅಂತ ಹೇಳಬೇಡಿ. ಜಗಲಿಯಲ್ಲಿ ಜೊತೆಗೆ ಕೂತು ಕೆಳಗಿನ ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೊಡಿ.

"ನಿನ್ನೆ ಸಂಜೆ ಜೋರಾಗಿ ಮಳೆ ಬಂತು. ಅಜ್ಜ ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದರು. ನಾನೂ ಅಕ್ಕನೂ ಓಡಿ ಹೋಗಿ ಅಡಿಕೆಯನ್ನು ಗೋಣಿಗೆ ತುಂಬಿಸಿದೆವು. ಆದರೂ ಸ್ವಲ್ಪ ಒದ್ದೆಯಾಯಿತು. ಅಜ್ಜ ಬೈಯಲಿಲ್ಲ, ನಮಗೆ ಬೆಲ್ಲ ಕೊಟ್ಟರು."

ಮಗು ಓದುವಾಗ ನಡುವೆ ಬಾಯಿ ಹಾಕಬೇಡಿ. ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತಿರಿ. "ಅಜ್ಜ" ಎಂಬಲ್ಲಿ "ಅಜ", "ಬೆಲ್ಲ" ಎಂಬಲ್ಲಿ "ಬೆಲ" ಅಂತ ಓದಿದರೆ ಒತ್ತಕ್ಷರ ಗಟ್ಟಿಯಾಗಿಲ್ಲ ಅಂತ ಅರ್ಥ. ಒತ್ತಕ್ಷರ ಅಂದರೆ ಒಂದು ಅಕ್ಷರದ ಕೆಳಗೆ ಇನ್ನೊಂದು ಸೇರಿ ಬರುವುದು. "ಜೋರಾಗಿ" ಎಂಬುದನ್ನು "ಜೊರಗಿ" ಅಂದರೆ ದೀರ್ಘದ ಗುರುತು ಕಣ್ಣಿಗೆ ಬೀಳುತ್ತಿಲ್ಲ. "ತುಂಬಿಸಿದೆವು" ಎಂಬಲ್ಲಿ "ತುಂಬಿ" ಅಂತ ಮಾತ್ರ ಓದಿ ಉಳಿದದ್ದನ್ನು ಊಹಿಸಿ "ತುಂಬಿದರು" ಅಂದುಬಿಟ್ಟರೆ, ಮಗು ಪದದ ಕೊನೆಯವರೆಗೆ ಹೋಗುತ್ತಿಲ್ಲ. ಮೂರಕ್ಕೂ ಬೇರೆ ಬೇರೆ ಮದ್ದು ಬೇಕು. ಅದಕ್ಕೇ "ಓದಲು ಬರುವುದಿಲ್ಲ" ಅಂತ ಒಂದೇ ಮಾತಿನಲ್ಲಿ ಹೇಳಬೇಡಿ, ಎಲ್ಲಿ ಬರುವುದಿಲ್ಲ ಅಂತ ಬರೆದಿಟ್ಟುಕೊಳ್ಳಿ.

ಆಮೇಲೆ ಮೂರು ಪ್ರಶ್ನೆ ಕೇಳಿ. ಅಡಿಕೆ ಎಲ್ಲಿತ್ತು? ಮಕ್ಕಳು ಯಾಕೆ ಓಡಿದರು? ಅಜ್ಜ ಬೆಲ್ಲ ಯಾಕೆ ಕೊಟ್ಟರು? ಮೊದಲನೆಯದಕ್ಕೆ ಉತ್ತರ ಬರಹದಲ್ಲೇ ಇದೆ. ಎರಡನೆಯದಕ್ಕೆ ಎರಡು ಮೂರು ಸಾಲು ಸೇರಿಸಿ ಯೋಚಿಸಬೇಕು. ಮೂರನೆಯದು ಎಲ್ಲಿಯೂ ಬರೆದಿಲ್ಲ, ಮಗುವೇ ಹೇಳಬೇಕು. ಸರಾಗ ಓದಿಯೂ ಎರಡನೆಯ ಪ್ರಶ್ನೆಗೆ ಸುಮ್ಮನಾಗುವ ಮಕ್ಕಳು ನಮ್ಮಲ್ಲಿ ಬಹಳ. ಅವರಿಗೆ ಅಕ್ಷರ ಗೊತ್ತು, ಅರ್ಥ ಹತ್ತುತ್ತಿಲ್ಲ. ಅಂಥವರಿಗೆ ಮೂರನೆಯ ಹಂತ ತುಂಬ ಮುಖ್ಯ.

ನಿಮಿಷಕ್ಕೆ ಎಷ್ಟು ಪದ ಓದಬೇಕು ಅಂತಲೂ ಕೇಳುತ್ತಾರೆ. ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯಲ್ಲಿ 3ನೇ ಕ್ಲಾಸು ಮುಗಿಯುವಾಗ ನಿಮಿಷಕ್ಕೆ ಕಡಿಮೆ ಎಂದರೆ 60 ಪದ, ಅರ್ಥದ ಸಮೇತ ಅಂತ ಗುರಿ ಇದೆ. ಕನ್ನಡದಲ್ಲಿ ಒಂದೊಂದು ಪದವೂ ಉದ್ದ. "ಮನೆಯಂಗಳದಲ್ಲಿದ್ದ" ಅಂದರೆ ಅದೂ ಒಂದೇ ಪದ ತಾನೇ. ಹಾಗಾಗಿ ಗಡಿಯಾರ ಹಿಡಿದು ಕೂರಬೇಡಿ. ಮೇಲಿನ ಐದು ಸಾಲನ್ನು ತಡವರಿಸದೆ ಓದಿ ಮೂರೂ ಪ್ರಶ್ನೆಗೆ ಏನಾದರೂ ಹೇಳಿತೆಂದರೆ 3ಕ್ಕೆ ಹೋಗಲು ಮಗು ತಯಾರಿದೆ.

ಇನ್ನೊಂದು ಮಾತು. ಮಂಗಳೂರಿನಲ್ಲಿರುವ ಚಿಕ್ಕಮ್ಮನ ಮಗಳ ಜೊತೆ ಹೋಲಿಸಬೇಡಿ. ಕೇರಳದಲ್ಲಿ 5 ತುಂಬಿದವರನ್ನು 1ಕ್ಕೆ ಸೇರಿಸುವ ರೂಢಿ ಇದ್ದುದರಿಂದ ನಮ್ಮ 3ನೇ ಕ್ಲಾಸಿನ ಮಕ್ಕಳಿಗೆ 7 ದಾಟಿರುತ್ತದೆ ಅಷ್ಟೇ. ಗಡಿಯ ಆಚೆ ಅದೇ ಕ್ಲಾಸಿನವರು ಕೆಲವು ತಿಂಗಳು ದೊಡ್ಡವರಿರುವುದು ಸಾಮಾನ್ಯ. ಈ ವಯಸ್ಸಿನಲ್ಲಿ ಆರು ತಿಂಗಳೂ ದೊಡ್ಡ ವ್ಯತ್ಯಾಸವೇ.

ಹಂತ 2: ದಿನಾ 20 ನಿಮಿಷ ಗಟ್ಟಿಯಾಗಿ ಓದುವುದು

ಭಾನುವಾರ ಎರಡು ಗಂಟೆ ಕೂರಿಸುವುದರಿಂದ ಪ್ರಯೋಜನ ಇಲ್ಲ. ದಿನಾ 20 ನಿಮಿಷ, ಒಂದೇ ಹೊತ್ತಿಗೆ. ಸಂಜೆ ದೀಪ ಹಚ್ಚಿದ ಮೇಲೆ ಅಥವಾ ಮಗ್‌ರಿಬ್ ನಮಾಜು ಮುಗಿದ ಮೇಲೆ, ಮನೆಯಲ್ಲಿ ಹೇಗೆ ಅನುಕೂಲವೋ ಹಾಗೆ.

ಮೊದಲ ಐದು ನಿಮಿಷ ನೀವು ಓದಿ, ಮಗು ಕೇಳಲಿ. ನಿಮ್ಮ ಬೆರಳು ಸಾಲಿನ ಕೆಳಗೆ ಸರಿಯುತ್ತಿರಲಿ. ಆಮೇಲೆ ಅದೇ ಭಾಗವನ್ನು ಮಗು ಓದಲಿ. ಕೊನೆಗೆ ಪುಸ್ತಕ ಮುಚ್ಚಿ, ಕಥೆ ಏನಾಯಿತು ಅಂತ ಮಗು ಹೇಳಲಿ. ಈ ಕೊನೆಯ ಭಾಗ ಬಿಡುವವರೇ ಜಾಸ್ತಿ. ಬಿಡಬೇಡಿ. ಹೇಳುವಾಗ ಕಥೆ ಹಿಂದೆ ಮುಂದೆ ಆದರೂ ಪರವಾಗಿಲ್ಲ.

ತಪ್ಪು ಓದಿದಾಗ ತಕ್ಷಣ ತಿದ್ದಬೇಡಿ. ಸಾಲು ಮುಗಿಯಲಿ. "ಈ ಪದ ಇನ್ನೊಮ್ಮೆ ನೋಡುವಾ" ಅಂತ ಬೆರಳಿಡಿ. ಹೆಚ್ಚಿನ ಸಲ ಮಗು ತಾನೇ ಸರಿ ಮಾಡಿಕೊಳ್ಳುತ್ತದೆ. ಮಾಡದಿದ್ದರೆ ಪದವನ್ನು ತುಂಡು ಮಾಡಿ ತೋರಿಸಿ: ತುಂಬಿ, ಸಿ, ದೆವು. ಆಮೇಲೆ ಕೂಡಿಸಿ ಓದಲಿ. ಸಾಲು ಸಾಲಿಗೆ "ತಪ್ಪು, ತಪ್ಪು" ಅಂತ ಹೇಳಿದರೆ ಹದಿನೈದು ದಿನದಲ್ಲಿ ಮಗು ಪುಸ್ತಕ ಕಂಡರೆ ಓಡುತ್ತದೆ.

ಒತ್ತಕ್ಷರ ಗಟ್ಟಿ ಇಲ್ಲದವರಿಗೆ ಒಂದು ಕೆಲಸ. ವಾರಕ್ಕೆ ಒಂದು ಒತ್ತು ಮಾತ್ರ ತೆಗೆದುಕೊಳ್ಳಿ. ಮೊದಲು ಅದೇ ಅಕ್ಷರಕ್ಕೆ ಅದೇ ಒತ್ತು: ಅಕ್ಕ, ಅಜ್ಜಿ, ಹಣ್ಣು, ಅಪ್ಪ, ಬೆಲ್ಲ. ಆಮೇಲೆ ಬೇರೆ ಅಕ್ಷರದ ಒತ್ತು: ಪುಸ್ತಕ, ರಸ್ತೆ, ಚಂದ್ರ, ಪದ್ಯ. ಕೊನೆಗೆ ಅರ್ಕಾವತ್ತು, ಅಂದರೆ ಅಕ್ಷರದ ಬಲಗಡೆ "೯" ಹೀಗೆ ಬರೆಯುವ ರಕಾರ. ಬರೆಯುವುದು ಆಮೇಲೆ, ಓದುವುದು ಮೊದಲು. ಮಕ್ಕಳನ್ನು ಬಹಳ ಗೊಂದಲ ಮಾಡುವ ಗುರುತು ಇದು. ಹುಡುಕಾಟದ ಆಟ ಮಾಡಿ. ದಿನಪತ್ರಿಕೆಯ ಒಂದು ಪುಟ ಕೊಟ್ಟು "ತ ಒತ್ತು ಇರುವ ಪದಕ್ಕೆಲ್ಲ ಸುತ್ತು ಹಾಕು" ಅನ್ನಿ. ಬಸ್ಸಿನಲ್ಲಿ ಹೋಗುವಾಗ ಅಂಗಡಿಯ ಕನ್ನಡ ಬೋರ್ಡು, ಬಸ್ಸಿನ ಬೋರ್ಡು ಓದಿಸಿ. ಮುಳ್ಳೇರಿಯ, ಬದಿಯಡ್ಕ, ಸೀತಾಂಗೋಳಿ, ಉಪ್ಪಳ. ಊರಿನ ಹೆಸರುಗಳಲ್ಲೇ ಬೇಕಾದಷ್ಟು ಒತ್ತು, ದೀರ್ಘ, ಸೊನ್ನೆ ಎಲ್ಲ ಇವೆ.

ಅಮ್ಮನಿಗೆ ಕನ್ನಡ ಓದಲು ಬಾರದ ಮನೆಗಳೂ ನಮ್ಮಲ್ಲಿವೆ. ಮಲಯಾಳ ಮಾಧ್ಯಮದಲ್ಲಿ ಓದಿದವರು, ಮದುವೆಯಾಗಿ ದಕ್ಷಿಣದ ಜಿಲ್ಲೆಗಳಿಂದ ಬಂದವರು. ಅವರು ಹಿಂಜರಿಯುವುದು ಬೇಡ. ಮಗು ಓದಲಿ, ನೀವು ಕೇಳಿ. "ಈಗ ಓದಿದ್ದು ಎಂತದು, ನನಗೆ ಹೇಳು" ಅಂತ ನಿಮ್ಮ ಭಾಷೆಯಲ್ಲೇ ಕೇಳಿ. ಅಮ್ಮನಿಗೆ ಹೇಳಿಕೊಡುವ ಸಂಭ್ರಮದಲ್ಲಿ ಮಗು ಇನ್ನೂ ಚೆನ್ನಾಗಿ ಓದುತ್ತದೆ.

ಹಂತ 3: ಮನೆ ಮಾತನ್ನು ಶಾಲೆಯ ಮಾತಿಗೆ ಸೇರಿಸುವುದು

ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ಒಂದೇ ಕ್ಲಾಸಿನಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಮನೆಮಾತಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪುಸ್ತಕದ ಕನ್ನಡ ಇವರಲ್ಲಿ ಹೆಚ್ಚಿನವರಿಗೆ ಶಾಲೆಯಲ್ಲಿ ಸಿಗುವ ಭಾಷೆ. ಹೀಗಾಗಿ ಕೆಲವರು ಟೀಚರ್ ಹೇಳಿದರು ಅಂತಲೋ, ಯಾರೋ ನೆಂಟರು ಹೇಳಿದರು ಅಂತಲೋ ಮನೆಯಲ್ಲಿ ತುಳು ಮಾತಾಡುವುದನ್ನೇ ನಿಲ್ಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಗು ಯೋಚನೆ ಮಾಡುವುದು ಮನೆ ಮಾತಿನಲ್ಲಿ. ಅದು ಗಟ್ಟಿಯಿದ್ದರೆ ಕನ್ನಡವೂ ಬೇಗ ಬರುತ್ತದೆ.

ಹಾಗಾದರೆ ಎಂತ ಮಾಡುವುದು? ಕಥೆಯನ್ನು ಮಗು ಕನ್ನಡದಲ್ಲಿ ಓದಲಿ, ಮನೆ ಮಾತಿನಲ್ಲಿ ಅಜ್ಜಿಗೆ ಹೇಳಲಿ. ಅಜ್ಜಿ ಮನೆ ಮಾತಿನಲ್ಲಿ ಒಂದು ಕಥೆ ಹೇಳಲಿ, ಮಗು ಅದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿ. ವಾರಕ್ಕೆ ಎರಡು ಸಲ ಸಾಕು. ಹೊಸ ಪದ ಬಂದರೆ ಅದರ ಮನೆಮಾತಿನ ಹೆಸರನ್ನೂ ಪಕ್ಕದಲ್ಲಿ ಕನ್ನಡ ಲಿಪಿಯಲ್ಲೇ ಬರೆದಿಡಿ. ಗಿಡ, ಹಕ್ಕಿ, ಅಡುಗೆಮನೆಯ ಸಾಮಾನು, ತೋಟದ ಕೆಲಸ ಇವುಗಳಿಂದ ಶುರು ಮಾಡಿ. ಎರಡು ತಿಂಗಳಲ್ಲಿ ಒಂದು ಚಿಕ್ಕ ನಿಘಂಟು ತಯಾರಾಗುತ್ತದೆ. ಶಾಲೆ ಶುರುವಾದ ಮೇಲೆ ಟೀಚರಿಗೆ ತೋರಿಸಲು ಕಳಿಸಿ.

ಕನ್ನಡದಲ್ಲಿ ಮಾತಾಡುವ ಅವಕಾಶವೂ ಬೇಕು. ಮನೆಯಲ್ಲಿ ಒಬ್ಬರಾದರೂ, ದಿನಕ್ಕೆ ಸ್ವಲ್ಪ ಹೊತ್ತು, ಮಗುವಿನ ಜೊತೆ ಕನ್ನಡದಲ್ಲೇ ಮಾತಾಡಲಿ. ಅಪ್ಪ ಗಲ್ಫಿನಲ್ಲಿದ್ದರೆ ವಿಡಿಯೋ ಕರೆಯಲ್ಲಿ "ಊಟ ಆಯ್ತಾ" ಅಂತ ಕೇಳಿ ಮುಗಿಸುವ ಬದಲು ಮಗುವಿನಿಂದ ಒಂದು ಪುಟ ಓದಿಸಿ ಕೇಳಬಹುದು.

ಹಂತ 4: ಬರವಣಿಗೆ

ದಿನಾ ಎರಡು ಪುಟ ಕಾಪಿ ಬರೆಸುವ ಪದ್ಧತಿ ಇನ್ನೂ ಹೋಗಿಲ್ಲ. ಕೈ ಬರಹ ದುಂಡಗಾಗುತ್ತದೆ, ಸರಿ. ಆದರೆ ನೋಡಿ ಬರೆಯುವಾಗ ತಲೆ ಕೆಲಸ ಮಾಡುವುದು ಕಡಿಮೆ. 3ರಲ್ಲಿ ಕೇಳುವುದು ಸ್ವಂತ ವಾಕ್ಯ. ಚಿತ್ರ ನೋಡಿ ಬರೆ, ಕಥೆ ಮುಂದುವರಿಸು, ಡೈರಿ ಬರೆ, ಪತ್ರ ಬರೆ. ಅದಕ್ಕೆ ದಿನಾ ಮೂರೇ ಮೂರು ಸಾಲು ಡೈರಿ ಬರೆಸಿ. "ಎದ್ದೆ, ಹಲ್ಲುಜ್ಜಿದೆ, ತಿಂದೆ" ಬೇಡ. ಇವತ್ತು ಹೊಸದಾಗಿ ನೋಡಿದ್ದು ಏನು, ಅದು ಹೇಗಿತ್ತು, ನಿನಗೆ ಏನನಿಸಿತು. ಕಾಗುಣಿತದ ತಪ್ಪು ಇದ್ದರೆ ಒಂದೋ ಎರಡೋ ತೋರಿಸಿ, ಉಳಿದದ್ದು ಬಿಡಿ. ಕೆಂಪು ಪೆನ್ನು ಮುಟ್ಟಬೇಡಿ.

ವಾರಕ್ಕೊಮ್ಮೆ ಉಕ್ತಲೇಖನ, ಅಂದರೆ ನೀವು ಹೇಳಿದ್ದನ್ನು ಕೇಳಿ ಬರೆಯುವುದು. ಹತ್ತು ಪದ ಸಾಕು. ಲ ಮತ್ತು ಳ, ಸ ಮತ್ತು ಶ, ಅ ಮತ್ತು ಹ ಬದಲಾಗುತ್ತಿದೆಯಾ ಅಂತ ನೋಡಿ.

ಹಂತ 5: ಲೆಕ್ಕ

ಇಲ್ಲಿ ಒಂದೇ ಒಂದು ಲೆಕ್ಕ ಕೊಟ್ಟು ನೋಡಿ. 402ರಿಂದ 165 ಕಳೆ. ಬಹಳ ಮಕ್ಕಳು 363 ಅಂತ ಬರೆಯುತ್ತಾರೆ. ಹೇಗೆ ಬಂತು? 2ರಿಂದ 5 ಹೋಗುವುದಿಲ್ಲ, ಹಾಗಾಗಿ 5ರಿಂದ 2 ಕಳೆದರು, 3. ಸೊನ್ನೆಯಿಂದ 6 ಹೋಗುವುದಿಲ್ಲ, 6 ಅಂತಲೇ ಬರೆದರು. 4ರಿಂದ 1 ಹೋದರೆ 3. ಮಗುವಿಗೆ ಕಳೆಯುವುದು ಗೊತ್ತು, ಸ್ಥಾನಬೆಲೆ ಗೊತ್ತಿಲ್ಲ. ಸ್ಥಾನಬೆಲೆ ಅಂದರೆ ಒಂದೇ ಅಂಕಿ ಬಿಡಿ, ಹತ್ತು, ನೂರರ ಜಾಗದಲ್ಲಿ ಬೇರೆ ಬೇರೆ ಬೆಲೆ ಪಡೆಯುವುದು. "ಪಕ್ಕದ ಮನೆಯಿಂದ ಸಾಲ ತಾ" ಅಂತ ಬಾಯಿಪಾಠ ಮಾಡಿಸಿದರೆ ಸೊನ್ನೆ ಬಂದ ಕೂಡಲೇ ಸಿಕ್ಕಿಬೀಳುತ್ತಾರೆ.

ದುಡ್ಡು ತೆಗೆಯಿರಿ. 100ರ ನಾಲ್ಕು ನೋಟು, 1 ರೂಪಾಯಿಯ ಎರಡು ನಾಣ್ಯ. ಇದು 402. "ಅಂಗಡಿಯವರಿಗೆ 165 ಕೊಡಬೇಕು, 5 ರೂಪಾಯಿ ಬಿಡಿ ಕೊಡು" ಅನ್ನಿ. ಕೊಡಲು ಆಗುವುದಿಲ್ಲ. ಆಗ ಒಂದು 100ರ ನೋಟನ್ನು 10ರ ಹತ್ತು ನೋಟು ಮಾಡಿಸಲಿ. ಅದರಲ್ಲಿ ಒಂದು 10ನ್ನು ಹತ್ತು ನಾಣ್ಯ ಮಾಡಿಸಲಿ. ಈಗ ಮುಂದೆ ಇರುವುದು 100ರ ಮೂರು, 10ರ ಒಂಬತ್ತು, ನಾಣ್ಯ ಹನ್ನೆರಡು. ಇದರಿಂದ 165 ಎತ್ತಿಟ್ಟರೆ ಉಳಿಯುವುದು 237. ನೋಟು ಇಲ್ಲದಿದ್ದರೆ ಕಾಗದದ ಚೂರು ಸಾಕು. ಐದಾರು ಸಲ ಹೀಗೆ ಕೈಯಿಂದ ಮಾಡಿದ ಮೇಲೆ ಪುಸ್ತಕದಲ್ಲಿ ಬರೆಸಿ. ಅವಸರ ಬೇಡ.

ಮಗ್ಗಿ ಬೇಕೇ ಬೇಕು. ಆದರೆ ಮೊದಲು ಅರ್ಥ. ತೆಂಗಿನಕಾಯಿ ಕೀಳಿಸಿದ ದಿನ ಅಂಗಳದ ರಾಶಿಯನ್ನು ಐದೈದರಂತೆ ಜೋಡಿಸಿ ಎಣಿಸಲಿ. ಐದರ ಏಳು ಸಾಲು ಅಂದರೆ 35 ಅಂತ ಕಣ್ಣಿಗೆ ಕಂಡ ಮೇಲೆ "ಐದೇಳ್ಲ ಮೂವತ್ತೈದು" ನಾಲಿಗೆಯಲ್ಲಿ ನಿಲ್ಲುತ್ತದೆ. ರಜೆ ಮುಗಿಯುವಾಗ 2, 5, 10ರ ಮಗ್ಗಿ ಗಟ್ಟಿಯಾಗಿ, 3 ಮತ್ತು 4ರದ್ದು ಒಂದು ಮಟ್ಟಿಗೆ ಬಂದರೆ ಸಾಕು. 20ರವರೆಗೆ ಬಾಯಿಪಾಠ ಮಾಡಿಸುವ ಹಟ ಈಗ ಬೇಡ. ಗಡಿಯಾರ ನೋಡುವುದು, ಅಳತೆಪಟ್ಟಿಯಿಂದ ಅಳೆಯುವುದು, ಅಂಗಡಿಗೆ ಹೋಗಿ ಚಿಲ್ಲರೆ ಲೆಕ್ಕ ಹಾಕುವುದು ಇವೆಲ್ಲ ಮನೆಯ ಕೆಲಸದ ನಡುವೆಯೇ ಆಗಿಬಿಡಲಿ.

ಹಂತ 6: ಸುತ್ತಮುತ್ತ ನೋಡುವುದು

ಪರಿಸರ ಅಧ್ಯಯನಕ್ಕೆ ತಯಾರಿ ಅಂದರೆ ಮನೆಯಿಂದ ಹೊರಗೆ ಹೋಗುವುದು. ಕೇರಳದ 44 ಹೊಳೆಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ ಹರಿಯುತ್ತವೆ. ನಿಮ್ಮ ಊರಿನದ್ದು ಯಾವುದು, ಎಲ್ಲಿ ಸಮುದ್ರ ಸೇರುತ್ತದೆ ಅಂತ ಮಗುವಿಗೆ ತೋರಿಸಿ. ಗುಡ್ಡದೊಳಗೆ ಅಡ್ಡಕ್ಕೆ ಕೊರೆದು ನೀರು ತರುವ ಸುರಂಗ ನಮ್ಮ ಕಡೆಯ ವಿಶೇಷ. ಮನೆಯಲ್ಲೋ ನೆರೆಮನೆಯಲ್ಲೋ ಇದ್ದರೆ ಅದನ್ನು ಯಾರು ತೋಡಿದರು, ಬೇಸಿಗೆಯಲ್ಲೂ ನೀರು ಹೇಗೆ ಬರುತ್ತದೆ ಅಂತ ಅಜ್ಜನ ಬಾಯಿಂದ ಕೇಳಿಸಿ. ಒಳಗೆ ಮಾತ್ರ ಮಕ್ಕಳನ್ನು ಬಿಡಬೇಡಿ. ಒಂದು ದಿನ ಬೇಕಲ ಕೋಟೆ, ಒಂದು ದಿನ ಅನಂತಪುರದ ಕೆರೆ ದೇವಸ್ಥಾನ. ನೋಡಿ ಬಂದದ್ದನ್ನು ಗೆರೆ ಇಲ್ಲದ ಪುಸ್ತಕದಲ್ಲಿ ಚಿತ್ರ ಬಿಡಿಸಿ ಹೆಸರು ಬರೆಯಲಿ.

ಹಂತ 7: ಇಂಗ್ಲಿಷ್, ಮಲಯಾಳ

ಎರಡರ ಬಗ್ಗೆಯೂ ಗಾಬರಿ ಬೇಡ. ಇಂಗ್ಲಿಷಿನಲ್ಲಿ ಅಕ್ಷರಮಾಲೆ ಸರಿ ಇರಲಿ, ಸಣ್ಣ ಸಣ್ಣ ಪದ ಓದಲಿ, ಮನೆಯ ಸಾಮಾನುಗಳ ಹೆಸರು ಹೇಳಲಿ. ಇಂಗ್ಲಿಷ್ ಪದದ ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದು ಕೊಡುವ ಅಭ್ಯಾಸ ಮಾಡಬೇಡಿ. ಮಗು ಕನ್ನಡವನ್ನೇ ಓದುತ್ತದೆ, ಇಂಗ್ಲಿಷ್ ಅಕ್ಷರ ನೋಡುವುದೇ ಇಲ್ಲ. ಮಲಯಾಳದ ಪಾಠ ಯಾವಾಗ, ಎಷ್ಟು ಅಂತ ಶಾಲೆಯಲ್ಲೇ ಕೇಳಿಕೊಳ್ಳಿ. ಕನ್ನಡದ ಓದು ಗಟ್ಟಿಯಾಗುವ ಮೊದಲೇ ಮನೆಯಲ್ಲಿ ಮೂರು ಲಿಪಿ ಒಟ್ಟಿಗೆ ಶುರು ಮಾಡುವುದು ಮಾತ್ರ ಬೇಡ. ಮಾತಾಡಲು ಎಷ್ಟು ಭಾಷೆಯಾದರೂ ಮಗು ಕಲಿಯುತ್ತದೆ.

ಕ್ಲಾಸಿಗೆ ಕನ್ನಡ ಚೆನ್ನಾಗಿ ಬಲ್ಲ ಟೀಚರ್ ಇದ್ದಾರಾ ಅಂತ ಕೇಳುವುದು ನಿಮ್ಮ ಹಕ್ಕು. ಕನ್ನಡ ಬಾರದವರ ನೇಮಕದ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಹಲವು ಸಲ ಎದ್ದಿದೆ. ಅಂಥ ತೊಂದರೆ ಇದ್ದರೆ ಒಬ್ಬೊಬ್ಬರೇ ಗೊಣಗಬೇಡಿ. ಪಿಟಿಎ, ಅಂದರೆ ಅಪ್ಪ ಅಮ್ಮಂದಿರ ಮತ್ತು ಅಧ್ಯಾಪಕರ ಸಂಘದ ಮೂಲಕ ಉಪಜಿಲ್ಲೆಯ ಎಇಒ ಕಚೇರಿಗೆ ಬರೆದು ಕೊಡಿ. ಎಇಒ ಎಂದರೆ ಉಪಜಿಲ್ಲೆಯ ಶಿಕ್ಷಣಾಧಿಕಾರಿ.

ಹಂತ 8: ಕಾಗದಪತ್ರ ಮತ್ತು ಕಣ್ಣು

ಮಗುವಿನ ಹೆಸರು, ಹುಟ್ಟಿದ ದಿನ ಇವೆಲ್ಲ "ಸಂಪೂರ್ಣ" ಎಂಬ ಗಣಕ ದಾಖಲೆಯಲ್ಲಿ ಶಾಲೆಯವರು ಸೇರಿಸಿರುತ್ತಾರೆ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಹೆಸರಿನ ಇಂಗ್ಲಿಷ್ ಅಕ್ಷರ ಒಂದೇ ಥರ ಇದೆಯಾ ನೋಡಿ. ಹೆಸರು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಅಕ್ಷರ ತಪ್ಪುವುದು ನಮ್ಮಲ್ಲಿ ಮಾಮೂಲಿ. ಈಗ ಸರಿ ಮಾಡಿಸುವುದು ಸುಲಭ, 10ನೇ ಕ್ಲಾಸಿನಲ್ಲಿ ಕಷ್ಟ. 5 ವರ್ಷದೊಳಗೆ ಮಾಡಿಸಿದ ಆಧಾರಿನಲ್ಲಿ ಬೆರಳಚ್ಚು ಇರುವುದಿಲ್ಲ. ಅದನ್ನು ಸೇರಿಸಿಲ್ಲವಾದರೆ ರಜೆಯಲ್ಲೇ ಮುಗಿಸಿ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರು ವರಮಾನದ ಸರ್ಟಿಫಿಕೇಟಿಗೆ ಅಕ್ಷಯ ಕೇಂದ್ರದಲ್ಲಿ ಮೊದಲೇ ಅರ್ಜಿ ಕೊಡಿ. ಜೂನ್‌ನಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವುದು, ಟಿವಿಯ ಎದುರು ಹೋಗಿ ನಿಲ್ಲುವುದು, ಸಾಲು ತಪ್ಪುವುದು ಇದ್ದರೆ ಕಣ್ಣು ತೋರಿಸಿ. ಓದುವುದಿಲ್ಲ ಅಂತ ಬೈಸಿಕೊಂಡ ಎಷ್ಟೋ ಮಕ್ಕಳಿಗೆ ಬೋರ್ಡೇ ಕಾಣುತ್ತಿರಲಿಲ್ಲ.

ಹಂತ 9: ಮೇ ಕೊನೆಯ ವಾರ

ರಜೆಯಲ್ಲಿ ರಾತ್ರಿ ಯಕ್ಷಗಾನ, ಕೋಲ, ಮದುವೆ ಅಂತ ಮಲಗುವ ಹೊತ್ತು ತಪ್ಪಿರುತ್ತದೆ. ಶಾಲೆ ಜೂನ್ ಮೊದಲ ದಿನಗಳಲ್ಲೇ ಶುರು. ಒಂದು ವಾರ ಮೊದಲಿನಿಂದ ಒಂಬತ್ತಕ್ಕೆ ಮಲಗಿಸಿ, ಶಾಲೆಗೆ ಏಳುವ ಹೊತ್ತಿಗೇ ಎಬ್ಬಿಸಿ.

ಜೊತೆಗೇ ಮಳೆಯೂ ಶುರುವಾಗುತ್ತದೆ. ಶೂ ಬೇಡ, ಬೇಗ ಒಣಗುವ ಚಪ್ಪಲಿ ಸಾಕು. ಕೊಡೆಗೆ, ಬುತ್ತಿಗೆ, ನೀರಿನ ಬಾಟ್ಲಿಗೆ ಹೆಸರು ಬರೆಯಿರಿ. ಚೀಲದೊಳಗೆ ಪುಸ್ತಕ ಹಾಕಲು ಒಂದು ದಪ್ಪ ಪ್ಲಾಸ್ಟಿಕ್ ತೊಟ್ಟೆ, ಒದ್ದೆ ಕೊಡೆಗೆ ಇನ್ನೊಂದು. ಚೀಲದ ಭಾರ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ದಾಟಬಾರದು. 22 ಕಿಲೋದ ಮಗುವಿಗೆ 2 ಕಿಲೋದ ಆಸುಪಾಸು. ಪಠ್ಯಪುಸ್ತಕಗಳನ್ನು ಭಾಗ ಭಾಗವಾಗಿ ಕೊಡುವುದು ಇದಕ್ಕೇ. ಎರಡೂ ಭಾಗ ತುಂಬಿ ಕಳಿಸಬೇಡಿ.

ಹಂತ 10: ಜೂನ್‌ನಿಂದ ಓಣಂ ಪರೀಕ್ಷೆಯವರೆಗೆ

ಮೊದಲ ಕ್ಲಾಸ್ ಪಿಟಿಎಗೆ ತಪ್ಪದೆ ಹೋಗಿ. ಒಂದನೇ ಹಂತದಲ್ಲಿ ಬರೆದಿಟ್ಟದ್ದನ್ನು ಟೀಚರಿಗೆ ತೋರಿಸಿ. "ಚೆನ್ನಾಗಿ ಕಲಿಯುತ್ತಾನಾ" ಅಂತ ಕೇಳಿದರೆ "ಹೌದು" ಅಂತ ಉತ್ತರ ಬರುತ್ತದೆ, ಅಷ್ಟೇ. "ಒತ್ತಕ್ಷರ ತಪ್ಪುತ್ತಿದ್ದ, ಕ್ಲಾಸಿನಲ್ಲಿ ಹೇಗೆ ಓದುತ್ತಾನೆ" ಅಂತ ಕೇಳಿ.

ಮನೆಕೆಲಸ ಕಡಿಮೆ ಕೊಡುತ್ತಾರೆ ಅಂತ ದೂರುವವರಿದ್ದಾರೆ. 2020ರ ರಾಷ್ಟ್ರೀಯ ಶಾಲಾ ಚೀಲ ನೀತಿಯ ಪ್ರಕಾರ 3ರಿಂದ 5ರವರೆಗಿನ ಮಕ್ಕಳಿಗೆ ವಾರಕ್ಕೆ 2 ಗಂಟೆಗಿಂತ ಹೆಚ್ಚು ಮನೆಕೆಲಸ ಇರಬಾರದು. ಟೀಚರ್ ಮಾಡುತ್ತಿರುವುದು ಸರಿಯೇ. ಉಳಿದ ಹೊತ್ತು ಓದಿಗೂ ಆಟಕ್ಕೂ ಇರಲಿ. ಟ್ಯೂಷನ್ ಬೇಕಾ ಅಂತ ಕೇಳಿದರೆ, 3ನೇ ಕ್ಲಾಸಿಗೆ ಬೇಡ ಅಂತಲೇ ನನ್ನ ಅಭಿಪ್ರಾಯ. 4ರಲ್ಲಿ ಬರೆಯುವ ವಿದ್ಯಾರ್ಥಿವೇತನ ಪರೀಕ್ಷೆಗೆ ಈಗಿನಿಂದಲೇ ತರಬೇತಿ ಕೊಡಿಸುವುದೂ ಬೇಡ. ದಿನಾ ಓದುವ ಮಗುವಿಗೆ ಅದರ ಅರ್ಧ ತಯಾರಿ ತಾನಾಗಿ ಆಗಿರುತ್ತದೆ.

ರಜೆಯ ಲೆಕ್ಕದಲ್ಲಿ ಎಚ್ಚರ ಇರಲಿ. ಕರ್ನಾಟಕದಲ್ಲಿ ದಸರೆಗೆ ದೊಡ್ಡ ರಜೆ. ನಮಗೆ ದೊಡ್ಡ ರಜೆ ಓಣಂಗೆ ಮತ್ತು ಕ್ರಿಸ್ಮಸ್‌ಗೆ. ನವರಾತ್ರಿಗೆ ಪುತ್ತೂರಿನ ಅಜ್ಜಿ ಮನೆಯಲ್ಲಿ ಎಲ್ಲ ಮಕ್ಕಳೂ ಸೇರುತ್ತಾರೆ ಅಂತ ಹತ್ತು ದಿನ ಶಾಲೆ ತಪ್ಪಿಸಿದರೆ ಲೆಕ್ಕದ ಒಂದು ಅಧ್ಯಾಯವೇ ಕೈಬಿಟ್ಟು ಹೋಗುತ್ತದೆ. ಭೇಟಿಯನ್ನು ಶನಿವಾರ ಭಾನುವಾರಕ್ಕೆ ಇಟ್ಟುಕೊಳ್ಳಿ. ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟ ದಿನಗಳಲ್ಲೂ ಆ 20 ನಿಮಿಷದ ಓದು ತಪ್ಪಬಾರದು.

ಓಣಂ ಪರೀಕ್ಷೆ ಮುಗಿದ ಮೇಲೆ ಉತ್ತರಪತ್ರಿಕೆ ತರಿಸಿ ನೋಡಿ. ಗ್ರೇಡ್ ಎ ಬಂತಾ ಬಿ ಬಂತಾ ಅಂತ ಅಲ್ಲ. ತಪ್ಪು ಬರೆದ ಪ್ರಶ್ನೆ ಯಾವುದು, ಏನೂ ಬರೆಯದೆ ಬಿಟ್ಟ ಪ್ರಶ್ನೆ ಯಾವುದು ಅಂತ ಬೇರೆ ಬೇರೆ ಮಾಡಿ. ಬಿಟ್ಟ ಪ್ರಶ್ನೆಯನ್ನು ನೀವು ಗಟ್ಟಿಯಾಗಿ ಓದಿ ಹೇಳಿ. ಮಗು ಥಟ್ಟನೆ ಉತ್ತರ ಹೇಳಿದರೆ ಪಾಠ ಬರುತ್ತದೆ, ಓದು ತಡವಾಗುತ್ತಿದೆ. ಓಣಂ ರಜೆಯಲ್ಲಿ ಎರಡನೆಯ ಹಂತವನ್ನೇ ಇನ್ನೊಮ್ಮೆ ಮಾಡಿ. ಓದಿ ಹೇಳಿದರೂ ಉತ್ತರ ಬಾರದಿದ್ದರೆ ಆ ಪಾಠದ ಹೆಸರು ಬರೆದುಕೊಂಡು ರಜೆಗೆ ಮೊದಲೇ ಟೀಚರನ್ನು ಕಂಡು ಮಾತಾಡಿ.